ನಮ್ಮ ಡಾಕ್ಟರ್ ಬೇಡ ಅಂದ ಆಪರೇಷನ್: 18 ತಿಂಗಳಾದ ಮೇಲೆ ನನ್ನ ರಿವ್ಯೂ

ನಾನು ತಿಪಟೂರಿನವಳು. ವಯಸ್ಸು 44. ಖಾಸಗಿ ಹೈಸ್ಕೂಲೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಗ್ಯಾಸ್ಟ್ರಿಕ್ ಬೈಪಾಸ್ ಅಂತಾರೆ. ಬೈಪಾಸ್ ಅಂದ ಕೂಡಲೇ ಹಾರ್ಟಿಗೆ ಅಂದುಕೊಂಡು ನಮ್ಮ ಬೀದಿಯವರು ಸೇಬು, ಮೂಸಂಬಿ ಹಿಡಿದು ನೋಡೋಕೆ ಬಂದಿದ್ದರು. ಇದು ಹೊಟ್ಟೆಯದು. ಆಸ್ಪತ್ರೆ ಹೆಸರು ಹಾಕುತ್ತಿಲ್ಲ. ಹೊಗಳೋದೂ ಇದೆ, ದೂರೂ ಇದೆ. ಅಲ್ಲಿ ನನಗೆ ಏನು ಕೇಳಿದರು, ಏನು ಕೇಳದೆ ಬಿಟ್ಟರು ಅನ್ನೋದು ಗೊತ್ತಾದರೆ ನೀವು ಯಾವ ಆಸ್ಪತ್ರೆಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಮೊದಲು ನಮ್ಮ ಡಾಕ್ಟರ ವಿಷಯ. ಎಪ್ಪತ್ತರ ಹತ್ತಿರ ವಯಸ್ಸು. ನಮ್ಮ ಮಾವನವರಿಗೆ ಕೊನೆ ದಿನಗಳಲ್ಲಿ ಮನೆಗೇ ಬಂದು ಡ್ರಿಪ್ ಹಾಕಿದವರು. ಕೊರೊನಾ ಸಮಯದಲ್ಲಿ ಕ್ಲಿನಿಕ್ ಒಂದು ದಿನವೂ ಮುಚ್ಚಲಿಲ್ಲ. ಅಂಥವರ ಮಾತು ಮೀರೋದು ಸುಲಭ ಅಲ್ಲ. 2023ರ ಜೂನ್‌ನಲ್ಲಿ ನನ್ನ ತೂಕ 104 ಕೆಜಿ, ಎತ್ತರ 156 ಸೆಂಟಿಮೀಟರ್. ಶುಗರ್, ಬಿಪಿ ಎರಡೂ ಇದ್ದವು. ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟಿ ಎದ್ದು ಕೂರುತ್ತಿದ್ದೆ. ಬೋರ್ಡಿನ ಮೇಲೆ ಬರೀತಾ ಬರೀತಾ ಮಂಡಿ ನೋವಿಗೆ ಮೇಜು ಹಿಡಿದುಕೊಳ್ಳುತ್ತಿದ್ದೆ. ಆಪರೇಷನ್ ಬಗ್ಗೆ ಕೇಳೋಣ ಅಂತ ಹೋದೆ. ಅವರು ನನ್ನ ಮುಖ ನೋಡದೆ ಚೀಟಿ ಬರೀತಾನೇ ಹೇಳಿದರು: "ಬಾಯಿ ಕಟ್ಟಮ್ಮ. ಹೊಟ್ಟೆ ಕುಯ್ಸ್ಕೋಬೇಡ."

ಆ ಮಾತು ನಾಲ್ಕು ದಿನ ನನ್ನ ಕಿವಿಯಲ್ಲೇ ಇತ್ತು. ಬಾಯಿ ಕಟ್ಟಿರಲಿಲ್ಲ ಅಂತಲ್ಲ. 2016ರಲ್ಲಿ ರಾತ್ರಿ ಊಟ ಬಿಟ್ಟು, ದಿನಾ ಬೆಳಿಗ್ಗೆ ಕಾಲೇಜು ಮೈದಾನ ಆರು ಸುತ್ತು ನಡೆದು 9 ಕೆಜಿ ಇಳಿಸಿದ್ದೆ. ಒಂದೂವರೆ ವರ್ಷದಲ್ಲಿ 12 ಕೆಜಿ ವಾಪಸ್ ಬಂತು. ಪೌಡರ್ ಕುಡಿದೆ, ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದೆ, ಉಪವಾಸ ಮಾಡಿದೆ. ಮನೆಯಲ್ಲೂ ಯಾರೂ ಒಪ್ಪಲಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಹುಡುಗಿಯೊಬ್ಬಳು ಕೊಬ್ಬು ತೆಗೆಸೋಕೆ ಹೋಗಿ ತೀರಿಕೊಂಡಳಲ್ಲ, ಅತ್ತೆ ಅದನ್ನೇ ಹೇಳಿ ಅಳುತ್ತಿದ್ದರು. ಅದು ಬೇರೆ, ಇದು ಬೇರೆ. ಅದು ಚರ್ಮದ ಕೆಳಗಿನ ಕೊಬ್ಬು ತೆಗೆಯುವಂಥದ್ದು, ಅಂದಕ್ಕೆ ಮಾಡಿಸಿಕೊಳ್ಳೋದು. ಇದರಲ್ಲಿ ಕೊಬ್ಬನ್ನು ಮುಟ್ಟೋದೇ ಇಲ್ಲ, ಜಠರ ಮತ್ತು ಕರುಳಿನ ದಾರಿ ಬದಲಾಯಿಸುತ್ತಾರೆ. ಆಗ ಇದನ್ನು ಬಿಡಿಸಿ ಹೇಳೋಕೆ ನನಗೂ ಗೊತ್ತಿರಲಿಲ್ಲ.

ಮೊದಲು ಹೋಗಿದ್ದು ಬೆಂಗಳೂರಿನ ಬೇರೊಂದು ಸೆಂಟರಿಗೆ. ಫೋನಿನಲ್ಲಿ ಜಾಹೀರಾತು ನೋಡಿ ನಾನೂ ನಮ್ಮ ಯಜಮಾನರೂ ಬೆಳಗಿನ ರೈಲಿಗೆ ಹೋದೆವು. ತೂಕ ನೋಡಿದ್ದು, ಮಾತಾಡಿಸಿದ್ದು ಒಬ್ಬ ಕೌನ್ಸೆಲರ್ ಹುಡುಗಿ. ಸರ್ಜನ್ ಬಂದು ಐದು ನಿಮಿಷ ಕೂತರು. "ಸ್ಲೀವ್ ಮಾಡೋಣ, ಸಿಂಪಲ್" ಅಂದರು. ಸ್ಲೀವ್ ಅಂದರೆ ಜಠರ ಕತ್ತರಿಸಿ ಕಿರಿದು ಮಾಡುವ ಇನ್ನೊಂದು ಥರದ ಆಪರೇಷನ್. ಹೊಟ್ಟೆ ಉರಿ ಇದೆಯಾ, ಹುಳಿತೇಗು ಬರುತ್ತಾ ಅಂತ ಕೇಳಲಿಲ್ಲ. ಅವರು ಎದ್ದು ಹೋದ ಮೇಲೆ ಆ ಹುಡುಗಿ ಹೇಳಿದಳು: ಇವತ್ತೇ ಅಡ್ವಾನ್ಸ್ ಕಟ್ಟಿದರೆ 40 ಸಾವಿರ ಕಡಿಮೆ, ಮುಂದಿನ ಶುಕ್ರವಾರ ಡೇಟ್ ಇದೆ. ನಮ್ಮ ಊರಿನ ಡಾಕ್ಟರ್ ಬೇಡ ಅಂತಾರೆ ಅಂದೆ. "ಅವರಿಗೆ ಹೇಳಲೇಬೇಡಿ ಮೇಡಂ, ಹಳೇ ಕಾಲದವರಿಗೆ ಇದೆಲ್ಲ ಗೊತ್ತಾಗಲ್ಲ" ಅಂದಳು.

ಕಾರ್ಡು ತೆಗೆಯೋಕೆ ಯಜಮಾನರು ಜೇಬಿಗೆ ಕೈ ಹಾಕಿದ್ದರು. ನಾನೇ ಬೇಡ ಅಂದೆ. ನಮ್ಮ ಡಾಕ್ಟರ ಮೇಲೆ ನನಗೆ ಸಿಟ್ಟಿತ್ತು ನಿಜ. ಆದರೆ ಹನ್ನೊಂದು ವರ್ಷ ನನ್ನ ಬಿಪಿ ನೋಡಿದವರಿಗೆ ಹೇಳದೆ ಮಾಡಿಸಿಕೊಳ್ಳಿ ಅನ್ನೋ ಕಡೆ ನನ್ನ ದೇಹ ಒಪ್ಪಿಸೋಕೆ ಮನಸ್ಸಾಗಲಿಲ್ಲ.

ಎರಡನೇ ಆಸ್ಪತ್ರೆ ಗೊತ್ತಾಗಿದ್ದು ನಮ್ಮ ಸ್ಕೂಲಿನ ಹಿಂದಿ ಮೇಡಂ ಅಣ್ಣನಿಂದ. ಅಲ್ಲಿ ಸರ್ಜನ್ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಡಾಕ್ಟರ್ ಒಪ್ಪಿಲ್ಲ ಅಂತ ಇಲ್ಲೂ ಹೇಳಿದೆ. ಅವರ ಮೊದಲ ಪ್ರಶ್ನೆ: "ಯಾಕೆ ಬೇಡ ಅಂದ್ರು?" ನನಗೆ ಉತ್ತರ ಗೊತ್ತಿರಲಿಲ್ಲ. ಬಾಯಿ ಕಟ್ಟು ಅಂದರು ಅಂತ ಹೇಳಿದೆ. "ಅದು ಕಾರಣ ಅಲ್ಲ. ಇಷ್ಟು ವರ್ಷ ನೋಡಿದವರು ಸುಮ್ನೆ ಹೇಳಿರಲ್ಲ. ಹೋಗಿ ಕೇಳ್ಕೊಂಡು ಬನ್ನಿ" ಅಂದರು. ಈ ಆಸ್ಪತ್ರೆಗೆ ನಾನು ಕೊಡೋ ಅರ್ಧ ಮಾರ್ಕ್ಸು ಈ ಒಂದು ಮಾತಿಗೇ.

ಊರಿಗೆ ಬಂದು ಮತ್ತೆ ಕ್ಲಿನಿಕ್ಕಿಗೆ ಹೋದೆ. ರೋಗಿಗಳೆಲ್ಲ ಹೋಗಲಿ ಅಂತ ಕೊನೆವರೆಗೆ ಕಾದು ಕೂತೆ. ಕೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಅವರ ರೋಗಿಯೊಬ್ಬರು ಕೆಲವು ವರ್ಷಗಳ ಹಿಂದೆ ಇಂಥದ್ದೇ ಮಾಡಿಸಿಕೊಂಡು ಬಂದಿದ್ದರಂತೆ. ಒಂದು ವರ್ಷ ಚೆನ್ನಾಗಿದ್ದರು. ಆಮೇಲೆ ವಿಟಮಿನ್ ಮಾತ್ರೆ ಬಿಟ್ಟರು, ಚೆಕಪ್ಪಿಗೆ ಹೋಗಲಿಲ್ಲ. ಕೈಕಾಲು ಜೋಮು ಹಿಡಿದು ನಡೆಯೋಕಾಗದೆ ಇವರ ಹತ್ತಿರ ಬಂದರು. "ಆಪರೇಷನ್ ಮಾಡ್ದೋರು ಅಲ್ಲಿರ್ತಾರೆ. ಕೈ ಹಿಡ್ಕೊಂಡು ನನ್ನ ಬಾಗ್ಲಿಗೆ ಬರೋದು ನೀವು" ಅಂದರು. ಆಗಲೂ ಒಪ್ಪಲಿಲ್ಲ. ಆದರೆ ಈಗ ನನ್ನ ಕೈಲಿ ಒಂದು ಕಾರಣ ಇತ್ತು.

ಸರ್ಜನ್‌ಗೆ ಅದನ್ನು ಹೇಳಿದಾಗ ಅವರು ತಳ್ಳಿಹಾಕಲಿಲ್ಲ. ಅದು ಬಿ12, ಬಿ1 ಕೊರತೆಯಿಂದ ಆಗುವಂಥದ್ದು, ನಿಮಗೂ ಆಗಬಹುದು ಅಂದರು. ಜೀವನಪೂರ್ತಿ ವಿಟಮಿನ್, ಕ್ಯಾಲ್ಸಿಯಂ, ಕಬ್ಬಿಣ ತಗೋಬೇಕು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ತಪ್ಪಿಸೋ ಹಾಗಿಲ್ಲ, ತೂಕ ವಾಪಸ್ ಬರೋ ಸಾಧ್ಯತೆಯೂ ಇದೆ. ಇಷ್ಟು ಹೇಳಿ ಆಮೇಲೆ ಲೆಕ್ಕ ತೋರಿಸಿದರು. ನನ್ನ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 42.7. ಆಪರೇಷನ್ ಮಾಡಬಹುದು ಅನ್ನೋದಕ್ಕೆ 1991ರಲ್ಲಿ ಅಮೆರಿಕದಲ್ಲಿ ಹಾಕಿದ ಹಳೇ ಗೆರೆಯೇ 40, ಬೇರೆ ಕಾಯಿಲೆ ಜೊತೆಗಿದ್ದರೆ 35. 2022ರಲ್ಲಿ ಅಂತಾರಾಷ್ಟ್ರೀಯ ಸಂಘಗಳು ಅದನ್ನು ಇನ್ನೂ ಇಳಿಸಿವೆ. ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂತಿದೆ. ನಾನು ಹೊಸ ಗೆರೆಯನ್ನಲ್ಲ, ಹಳೇ ಗೆರೆಯನ್ನೇ ದಾಟಿ ಆಗಿತ್ತು. ಸ್ವೀಡನ್‌ನಲ್ಲಿ 1987ರಿಂದ 4,000ಕ್ಕೂ ಜಾಸ್ತಿ ಜನರನ್ನು, ಅರ್ಧದಷ್ಟು ಆಪರೇಷನ್ ಆದವರು, ಅರ್ಧದಷ್ಟು ಆಗದವರು, ವರ್ಷಗಟ್ಟಲೆ ಗಮನಿಸಿದ್ದಾರೆ. ಆಪರೇಷನ್ ಆದವರಲ್ಲಿ ಸಾವು ಕಡಿಮೆ ಅಂತ 2007ರಲ್ಲಿ ಪ್ರಕಟಿಸಿದರು. ಗಣಿತದವಳಲ್ವಾ, ಅಪಾಯದ ಅಂಕಿಯನ್ನೂ ಕೇಳಿದೆ. ಒಳ್ಳೆ ಸೆಂಟರ್‌ಗಳಲ್ಲಿ ಜೀವಕ್ಕೆ ಅಪಾಯ ಸಾವಿರಕ್ಕೆ ಒಬ್ಬರ ಆಸುಪಾಸು, ಹೊಲಿಗೆ ಸೋರೋದು ನೂರಕ್ಕೆ ಒಬ್ಬರ ಆಸುಪಾಸು ಅಂದರು. ಸೊನ್ನೆ ಅಂತ ಹೇಳಲಿಲ್ಲ. ಅದು ನನಗೆ ಧೈರ್ಯ ಕೊಟ್ಟಿತು.

ಪರೀಕ್ಷೆಗಳಿಗೆ ಎರಡು ತಿಂಗಳು ಹಿಡಿಯಿತು. ರಕ್ತ, ಎಕೋ, ಹೊಟ್ಟೆ ಸ್ಕ್ಯಾನ್, ಮನಶ್ಶಾಸ್ತ್ರಜ್ಞೆ ಜೊತೆ ಎರಡು ಸಲ ಮಾತು. ನಿದ್ದೆ ಪರೀಕ್ಷೆಯಲ್ಲಿ ಗಂಟೆಗೆ 41 ಸಲ ಉಸಿರಾಟಕ್ಕೆ ಅಡ್ಡಿಯಾಗುತ್ತಿದೆ ಅಂತ ಬಂತು. 30 ದಾಟಿದರೇ ತೀವ್ರ ಅಂತೆ. ಆಪರೇಷನ್‌ಗೆ ಮೊದಲು ಮೂರು ವಾರ, ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಗಾಳಿ ಒತ್ತುವ ಸಿಪ್ಯಾಪ್ ಮೆಷಿನ್ ಬಾಡಿಗೆಗೆ ತಂದು ಮುಖಕ್ಕೆ ಮಾಸ್ಕ್ ಹಾಕಿ ಮಲಗಿದೆ. ವರ್ಷಗಳಾದ ಮೇಲೆ ಮೊದಲ ಬಾರಿ ಬೆಳಿಗ್ಗೆ ತಲೆ ಭಾರ ಇಲ್ಲದೆ ಎದ್ದೆ.

ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದ ಕೆಳತುದಿಯಲ್ಲಿ ಹುಣ್ಣು, ಜೊತೆಗೆ ಹಯೇಟಸ್ ಹರ್ನಿಯಾ, ಅಂದರೆ ಜಠರದ ಮೇಲ್ಭಾಗ ಎದೆಯ ಕಡೆಗೆ ಸರಿದಿರೋದು. ನಾನು ಎಷ್ಟೋ ವರ್ಷದಿಂದ "ಗ್ಯಾಸ್ಟ್ರಿಕ್" ಅಂತ ಮಾತ್ರೆ ನುಂಗುತ್ತಿದ್ದೆನಲ್ಲ, ಅದು ಇದೇ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು ಉದ್ದನೆ ಕೊಳವೆ ಥರ ಉಳಿಸುತ್ತಾರೆ. ಅದರಿಂದ ಆಸಿಡ್ ಮೇಲೆ ಬರೋದು ಜಾಸ್ತಿಯಾಗಬಹುದು, ಹಾಗಾಗಿ ನಿಮಗೆ ಬೈಪಾಸ್ಸೇ ಸರಿ ಅಂದರು. ಇದರಲ್ಲಿ ಜಠರದ ಮೇಲ್ಭಾಗದಲ್ಲಿ 30 ಎಂಎಲ್ ಹಿಡಿಯೋ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ಅದಕ್ಕೆ ತಂದು ಜೋಡಿಸುತ್ತಾರೆ. ಶುಗರ್‌ಗೂ ಒಳ್ಳೆಯದು. ಮೊದಲಿನ ಸೆಂಟರಿನಲ್ಲಿ ಶುಕ್ರವಾರ ಮಲಗಿಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಇನ್ಶೂರೆನ್ಸ್ ಕಥೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಡಾಕ್ಟರ್ ಬೆಂಬಲ ಇಲ್ಲದವರು ಸಿಕ್ಕಿಕೊಳ್ಳೋದು ಇಲ್ಲೇ. ಬಿಎಂಐ 40 ಇದ್ದರೆ, ಅಥವಾ 35ರ ಜೊತೆ ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟೋದು), ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆ ಥರದ್ದು ಇದ್ದರೆ ಈ ಆಪರೇಷನ್ನನ್ನು ಸುಮ್ನೆ ಹೊರಗಿಡೋ ಹಾಗಿಲ್ಲ ಅಂತ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮ ಇದೆ. ಆದರೆ ವೈದ್ಯರ ಸಲಹೆ ಮೇಲೆ ಆಗಿರಬೇಕು. ಸರ್ಜನ್ ಪತ್ರ ಕೊಟ್ಟರು. ಆದರೂ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡೋ ಟಿಪಿಎಯಿಂದ ಪ್ರಶ್ನೆ ಬಂತು: ಹಿಂದೆ ತೂಕ ಇಳಿಸಲು ಏನೇನು ಪ್ರಯತ್ನ ಮಾಡಿದ್ದೀರಿ, ದಾಖಲೆ ಕೊಡಿ.

ನಮ್ಮ ಡಾಕ್ಟರ್ ಹತ್ತಿರ ಪತ್ರ ಕೇಳೋ ಧೈರ್ಯ ಇರಲಿಲ್ಲ. ಅವತ್ತು ರಾತ್ರಿ ಬೀರು ತೆಗೆದು ಹಳೇ ಚೀಟಿಗಳ ಪ್ಲಾಸ್ಟಿಕ್ ಕವರ್ ಹುಡುಕಿದೆ. ನಾನು ಅವರ ಚೀಟಿ ಒಂದನ್ನೂ ಎಸೆದವಳಲ್ಲ. ನೆಲದ ಮೇಲೆ ಹರಡಿ ದಿನಾಂಕದ ಪ್ರಕಾರ ಜೋಡಿಸಿದೆ. 23 ಚೀಟಿ. ಪ್ರತಿ ಚೀಟಿಯ ಎಡಗಡೆ ಮೂಲೆಯಲ್ಲಿ ಅವರ ಓರೆ ಅಕ್ಷರದಲ್ಲಿ ನನ್ನ ತೂಕ. 2012ರಲ್ಲಿ 81. 2015ರಲ್ಲಿ 88. 2019ರಲ್ಲಿ 97. 2023ರಲ್ಲಿ 104. ಪ್ರತಿಯೊಂದರ ಕೆಳಗೂ ಒಂದೇ ಸಾಲು: ತೂಕ ಇಳಿಸಿ, ವಾಕಿಂಗ್, ಸಿಹಿ ಬೇಡ. ಅದರ ಕೆಳಗೆ ಎರಡು ಗೆರೆ. ಕೆಲವದರಲ್ಲಿ ಗೆರೆ ಒತ್ತಿ ಎಳೆದು ಕಾಗದ ತೂತಾಗಿದೆ. ಮಗಳು ಒಂದೊಂದಾಗಿ ಫೋಟೋ ತೆಗೆದಳು. ಹನ್ನೊಂದು ವರ್ಷ ಒಬ್ಬ ಡಾಕ್ಟರ್ ಹೇಳಿದ್ದಾರೆ, ರೋಗಿ ಪ್ರಯತ್ನ ಮಾಡಿದ್ದಾಳೆ, ಆಗಿಲ್ಲ ಅನ್ನೋದಕ್ಕೆ ಇದಕ್ಕಿಂತ ದಾಖಲೆ ಬೇಕಾ? ನಾಲ್ಕು ದಿನಕ್ಕೆ ಕ್ಯಾಶ್‌ಲೆಸ್ ಒಪ್ಪಿಗೆ ಬಂತು. ಒಟ್ಟು ಬಿಲ್ 4,60,000. ನಮ್ಮ ಕೈಯಿಂದ ಹೋಗಿದ್ದು 92,000. ಚೀಟಿಗಳನ್ನು ಎಸೆಯಬೇಡಿ.

ಆಪರೇಷನ್‌ಗೆ ಮೊದಲು ಎರಡು ವಾರ ಕಡಿಮೆ ಕ್ಯಾಲೊರಿ ಊಟ. ಲಿವರ್ ಕುಗ್ಗಬೇಕಂತೆ, ಇಲ್ಲದಿದ್ದರೆ ಅದನ್ನು ಎತ್ತಿ ಹಿಡಿದು ಜಠರ ಮುಟ್ಟೋದು ಕಷ್ಟ. ಲ್ಯಾಪರೋಸ್ಕೋಪಿ, ಅಂದರೆ ಕ್ಯಾಮೆರಾ ಒಳಗೆ ಹಾಕಿ ಮಾಡೋ ಆಪರೇಷನ್ ಆದ್ದರಿಂದ ಹೊಟ್ಟೆ ಮೇಲೆ ಐದು ಸಣ್ಣ ತೂತು ಅಷ್ಟೆ. ಅವತ್ತೇ ಸಂಜೆ ಎಬ್ಬಿಸಿ ನಡೆಸಿದರು. ಮಾರನೇ ದಿನ ನರ್ಸ್ ಔಷಧಿ ಅಳೆಯೋ 30 ಎಂಎಲ್ ಲೋಟದಲ್ಲಿ ನೀರು ತಂದು, ಇದನ್ನು ಕಾಲು ಗಂಟೆ ಕುಡೀಬೇಕು ಅಂದರು. ನಾಲಿಗೆ ಮೇಲೆ ಹನಿ ಹನಿ ಇಟ್ಟುಕೊಂಡು ಕುಡಿದೆ. ಆ ಲೋಟ ಇನ್ನೂ ಅಡುಗೆಮನೆ ಶೆಲ್ಫಿನಲ್ಲಿದೆ. ನರ್ಸ್‌ಗಳ ಬಗ್ಗೆ ಒಂದೇ ಒಂದು ಕೆಟ್ಟ ಮಾತಿಲ್ಲ. ರೂಮು ಚೊಕ್ಕ. ಜೊತೆಗಿದ್ದವರಿಗೆ ಕ್ಯಾಂಟೀನ್ ಊಟ ಸುಮಾರು.

ಈಗ ದೂರು.

ಡಿಸ್ಚಾರ್ಜ್ ಹಾಳೆಯಲ್ಲಿ ಒಂದು ಸಾಲಿತ್ತು: ವಾರಕ್ಕೊಮ್ಮೆ ನಿಮ್ಮ ಊರಿನ ವೈದ್ಯರ ಬಳಿ ಬಿಪಿ, ಶುಗರ್ ನೋಡಿಸಿ ಮಾತ್ರೆ ಹೊಂದಿಸಿಕೊಳ್ಳಿ. ಶುಗರ್ ಮಾತ್ರೆ ಒಂದನ್ನು ಅವರೇ ನಿಲ್ಲಿಸಿ, ಇನ್ನೊಂದನ್ನು ಅರ್ಧ ಮಾಡಿದ್ದರು. ಬಿಪಿ ಮಾತ್ರೆ ಮೊದಲಿನ ಹಾಗೇ ಇತ್ತು, ಅದರಲ್ಲಿ ನೀರು ಇಳಿಸೋ ಔಷಧಿಯೂ ಸೇರಿತ್ತು. ಊರಿನ ವೈದ್ಯರು ಇದಕ್ಕೆ ಒಪ್ಪಿಲ್ಲ ಅಂತ ಆ ಆಸ್ಪತ್ರೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಎಲ್ಲರಿಗೂ ಕೊಡೋ ಅದೇ ಹಾಳೆಯನ್ನು ನನಗೂ ಕೊಟ್ಟರು.

ಮೂರನೇ ವಾರ. ಮಹಡಿ ಮೇಲೆ ಒಣಗಿದ ಬಟ್ಟೆ ತೆಗೆಯೋಕೆ ಬಗ್ಗಿ ಎದ್ದೆ. ಕಣ್ಣು ಕತ್ತಲೆ ಬಂತು. ನೀರಿನ ಟ್ಯಾಂಕಿಗೆ ಒರಗಿ ಹಾಗೇ ಕುಸಿದು ಕೂತೆ. ಬಿಸಿಲಿಗೆ ಸಿಮೆಂಟು ಸುಡುತ್ತಿತ್ತು, ಏಳೋಕೆ ಆಗಲಿಲ್ಲ. ಮಗಳು ಬಂದು ಇಳಿಸಿಕೊಂಡು ಹೋದಳು. ಸಂಜೆ ನಮ್ಮ ಡಾಕ್ಟರ್ ಹತ್ತಿರವೇ ಹೋದೆವು. ಬಿಪಿ ನೋಡಿದರು. 88/60. ಪಟ್ಟಿ ಬಿಚ್ಚಿ ಮಡಚಿ ಡಬ್ಬಿಗೆ ಹಾಕಿದರು. "ನಾನು ಕೈ ಹಾಕಲ್ಲ ಇದಕ್ಕೆ. ಮಾಡ್ದೋರನ್ನ ಕೇಳಿ" ಅಂದರು. ಫೀಸೂ ತಗೊಳ್ಳಲಿಲ್ಲ. ಕ್ಲಿನಿಕ್ ಮೆಟ್ಟಿಲ ಮೇಲೆ ಕೂತು ಆಸ್ಪತ್ರೆಗೆ ಫೋನ್ ಮಾಡಿದೆ. ಆಗ ರಾತ್ರಿ 7.40. ಕೋಆರ್ಡಿನೇಟರ್ ಎತ್ತಿದರು, 20 ನಿಮಿಷದಲ್ಲಿ ಡ್ಯೂಟಿ ಸರ್ಜನ್ ವಾಪಸ್ ಫೋನ್ ಮಾಡಿದರು. ಇವತ್ತು ಎಷ್ಟು ನೀರು ಕುಡಿದಿರಿ, ಮೂತ್ರದ ಬಣ್ಣ ಹೇಗಿದೆ, ನಾಡಿ ಎಷ್ಟು, ವಾಂತಿ ಇದೆಯಾ ಅಂತ ಒಂದೊಂದಾಗಿ ಕೇಳಿದರು. ಅವತ್ತೇ ಆ ಬಿಪಿ ಮಾತ್ರೆ ನಿಲ್ಲಿಸಿದರು. ನಾಡಿ 120 ದಾಟಿದರೆ ಯಾರನ್ನೂ ಕೇಳದೆ ಹೊರಟು ಬನ್ನಿ ಅಂದರು. ಫೋನಿಗೆ ಪೂರ್ತಿ ಮಾರ್ಕ್ಸ್. ಆ ಹಾಳೆಗೆ ಸೊನ್ನೆ. ನೀವೂ ನನ್ನ ಥರ ಹೋಗುವವರಾದರೆ ಮನೆಗೆ ಹೊರಡೋ ಮೊದಲೇ ಕೇಳಿ: ನಮ್ಮ ಊರಲ್ಲಿ ಯಾರೂ ನನ್ನನ್ನು ನೋಡದಿದ್ದರೆ ನನ್ನ ಮಾತ್ರೆ ಬದಲಾಯಿಸೋದು ಯಾರು? ಹೆಸರು, ನಂಬರ್ ಬರೆಸಿಕೊಳ್ಳಿ. ಮನೆಗೊಂದು ಬಿಪಿ ಮೆಷಿನ್ ತಗೊಳ್ಳಿ.

ಇನ್ನೊಂದು ದೂರು ಡಯಟ್ ಪಟ್ಟಿಯದು. ಓಟ್ಸ್, ಪನೀರ್, ಕಿನೋವಾ ಎಲ್ಲ ಇತ್ತು. ಮುದ್ದೆ ಬಗ್ಗೆ ಒಂದಕ್ಷರ ಇಲ್ಲ. ನಮ್ಮ ಕಡೆ ಮುದ್ದೆ ನುಂಗಬೇಕು, ಅಗಿಯಬಾರದು ಅಂತ ಮಕ್ಕಳಿಗೆ ಕಲಿಸಿರುತ್ತಾರೆ. ನಲವತ್ತು ವರ್ಷದ ಅಭ್ಯಾಸ. ಎರಡೂವರೆ ತಿಂಗಳಾದ ಮೇಲೆ, ಮೆತ್ತಗಿದೆಯಲ್ಲ ಅಂತ ನೆಲ್ಲಿಕಾಯಿ ಗಾತ್ರದ ತುತ್ತು ಬಸ್ಸಾರಿನಲ್ಲಿ ಅದ್ದಿ ನುಂಗಿದೆ. ಎದೆ ನಡುವೆ ನಿಂತುಬಿಟ್ಟಿತು. ಮೇಲೂ ಬಾರದು, ಕೆಳಗೂ ಇಳಿಯದು. ಬಾಯಿ ತುಂಬ ನೊರೆ ಥರ ಜೊಲ್ಲು. ಮುಕ್ಕಾಲು ಗಂಟೆ ಸಿಂಕ್ ಹಿಡಿದು ನಿಂತಿದ್ದೆ. ಆಮೇಲೆ ಡಯಟಿಷಿಯನ್‌ಗೆ ಫೋನ್ ಮಾಡಿ ಹೇಳಿದಾಗ ಆ ಹುಡುಗಿ ಪಾಪ, "ಮುದ್ದೆ ಅಗಿದು ತಿನ್ನಲ್ವಾ ಮೇಡಂ?" ಅಂತ ನನ್ನನ್ನೇ ಕೇಳಿದಳು. ಈಗ ರಾಗಿ ಅಂಬಲಿ ಕುಡಿಯುತ್ತೇನೆ. ತುಮಕೂರು, ಹಾಸನ, ಮಂಡ್ಯ ಕಡೆಯವರು ಬರೋ ಆಸ್ಪತ್ರೆ ಈ ಒಂದು ಸಾಲನ್ನು ಪಟ್ಟಿಗೆ ಸೇರಿಸಬೇಕು. ಹೇಳಿದ್ದೇನೆ, ಇನ್ನೂ ಸೇರಿಸಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ನಾಲ್ಕನೇ ತಿಂಗಳಿಂದ ಕೂದಲು ಕೈತುಂಬ ಬಂತು, ಒಂಬತ್ತನೇ ತಿಂಗಳಿಗೆ ನಿಂತಿತು. ಪಿತ್ತಕೋಶದಲ್ಲಿ ಕಲ್ಲಾಗದ ಹಾಗೆ ಆರು ತಿಂಗಳು ಮಾತ್ರೆ ಕೊಟ್ಟರು. ದಿನಕ್ಕೆ 60 ಗ್ರಾಂ ಪ್ರೋಟೀನ್ ಮುಟ್ಟೋದು ಮೊಟ್ಟೆ ತಿನ್ನದ ಮನೆಯಲ್ಲಿ ನಿಜವಾಗಿಯೂ ಕಷ್ಟ. ಗಣೇಶನ ಹಬ್ಬಕ್ಕೆ ಅರ್ಧ ಸಿಹಿ ಕಡುಬು ತಿಂದು ಹದಿನೈದೇ ನಿಮಿಷದಲ್ಲಿ ಎದೆ ಹೊಡೆದುಕೊಂಡು, ಬೆವರಿ ಮಲಗಿದೆ. ಡಂಪಿಂಗ್ ಅಂತಾರೆ, ಸಕ್ಕರೆ ಕರುಳಿಗೆ ಒಮ್ಮೆಲೇ ಇಳಿಯೋದರಿಂದ. ಈಗ ತೂಕ 72. ಮೂರು ತಿಂಗಳ ಸರಾಸರಿ ಶುಗರ್ 8.9 ಇದ್ದದ್ದು 5.8, ಮಾತ್ರೆ ಇಲ್ಲದೆ. ಸಿಪ್ಯಾಪ್ ಮೆಷಿನ್ ವಾಪಸ್ ಕೊಟ್ಟಿದ್ದೇನೆ. ಒಂದು ಪೀರಿಯಡ್ ಪೂರ್ತಿ ನಿಂತು ಪಾಠ ಮಾಡುತ್ತೇನೆ.

ಬೈಪಾಸ್ ಆದವರು ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ತಗೋಬಾರದು. ಹೊಸ ಜೋಡಣೆ ಜಾಗದಲ್ಲಿ ಹುಣ್ಣಾಗಬಹುದು. ನಮ್ಮೂರಿನ ಮೆಡಿಕಲ್ಸ್‌ನಲ್ಲಿ ಮೈಕೈ ನೋವು ಅಂದರೆ ಮೊದಲು ಕೈಗೆ ಬರೋದೇ ಅದು. 2024ರ ನವೆಂಬರ್‌ನಲ್ಲಿ ಜ್ವರ ಬಂದು ನಮ್ಮ ಡಾಕ್ಟರ ಹತ್ತಿರ ಹೋಗಿದ್ದೆ. ಚೀಟಿ ಬರೆಯುತ್ತಾ ಪೆನ್ನು ನಿಲ್ಲಿಸಿ, "ನಿನಗೆ ಆ ನೋವಿನ ಮಾತ್ರೆ ಕೊಡೋ ಹಾಗಿಲ್ಲ ಅಲ್ವಾ" ಅಂದರು. ಬರೀ ಪ್ಯಾರಾಸಿಟಮಾಲ್ ಬರೆದರು. ಆ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಸರ್ಜನ್ ಅವರಿಗೆ ಎರಡು ಪತ್ರ ಕಳಿಸಿದ್ದರು, ಒಂದಕ್ಕೂ ಉತ್ತರ ಹೋಗಿರಲಿಲ್ಲ. ಓದಿದ್ದಾರೆ ಅಂತ ಗೊತ್ತಾಗಿದ್ದು ಅವತ್ತು.

2025ರ ಮಾರ್ಚ್‌ನಲ್ಲಿ ಶುಗರ್, ತೂಕ ಇಳಿಸೋ ಮೌಂಜಾರೊ ಇಂಜೆಕ್ಷನ್ ನಮ್ಮ ದೇಶಕ್ಕೆ ಬಂದ ಮೇಲೆ, "ಸ್ವಲ್ಪ ಕಾದಿದ್ರೆ ಆಗ್ತಿತ್ತು" ಅಂದರು ನಮ್ಮ ಡಾಕ್ಟರ್. ಇರಬಹುದು. ನಿಲ್ಲಿಸಿದರೆ ತೂಕ ಮತ್ತೆ ಏರುತ್ತದೆ, ತಿಂಗಳ ಖರ್ಚೂ ಜಾಸ್ತಿ. ಆದರೂ ಈಗ ಹೊರಟವರು ಅದನ್ನೂ ಕೇಳಿ ತಿಳಿದುಕೊಂಡೇ ನಿರ್ಧಾರ ಮಾಡಿ.

ಆಸ್ಪತ್ರೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಆ ಡಿಸ್ಚಾರ್ಜ್ ಹಾಳೆಗೆ ಹೋಯಿತು.

ಹೋದ ವಾರದ ರಿಪೋರ್ಟಿನಲ್ಲಿ ಕಬ್ಬಿಣದ ದಾಸ್ತಾನು ಕಡಿಮೆ ಬಂದಿದೆ, ಫೆರಿಟಿನ್ 11. ಮಾತ್ರೆ ಸಾಲದು, ರಕ್ತನಾಳಕ್ಕೆ ಕಬ್ಬಿಣದ ಡ್ರಿಪ್ ಹಾಕಬೇಕು ಅಂದಿದ್ದಾರೆ. ಬೆಂಗಳೂರಿಗೆ ಹೋದರೆ ಒಂದು ದಿನ ರಜೆ, ಮಕ್ಕಳಿಗೆ ಪರೀಕ್ಷೆ ಹತ್ತಿರ ಇದೆ. ನಿಮ್ಮ ಊರಿನ ಡಾಕ್ಟರ್ ಒಪ್ಪಿದರೆ ಅಲ್ಲೇ ಹಾಕಿಸಬಹುದು, ನಾನೇ ಅವರ ಜೊತೆ ಮಾತಾಡುತ್ತೇನೆ ಅಂತ ಸರ್ಜನ್ ಹೇಳಿದ್ದಾರೆ. ಪತ್ರ ನನ್ನ ಬ್ಯಾಗಿನಲ್ಲಿದೆ. ಸೋಮವಾರ ಸ್ಕೂಲು ಮುಗಿಸಿ ಕ್ಲಿನಿಕ್ಕಿಗೆ ಹೋಗುತ್ತೇನೆ.